ಬಣ್ಣಕ್ಕೆ ಮೊದಲಿನ ಕೆಲಸ

ಮೇ ತಿಂಗಳ ಬಿಸಿಲಿನಲ್ಲಿ ಮಲ್ಪೆ, ಗಂಗೊಳ್ಳಿಗಳ ಕಡಲ ದಂಡೆಯಲ್ಲಿ ನಡೆದುಹೋಗುವವರಿಗೆ, ತೆಂಗಿನ ನೆರಳಿನಲ್ಲಿ ಬೋರಲಾಗಿ ಮಲಗಿಸಿದ ಫೈಬರ್ ದೋಣಿಗಳೂ ಅವುಗಳ ಬೆನ್ನಿನ ಮೇಲೆ ಬಾಗಿ ಉಪ್ಪುಕಾಗದ ತಿಕ್ಕುತ್ತಿರುವ ಜನರೂ ಕಾಣಸಿಗುವುದುಂಟು. ಯಂತ್ರದ ದೊಡ್ಡ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷಿದ್ಧವಾದುದರಿಂದ ಮಳೆಗಾಲವೇ ಅವುಗಳ ವಿಶ್ರಾಂತಿಕಾಲ. ನಾಡದೋಣಿಗಾದರೋ ಅದೇ ದುಡಿಮೆಯ ಋತು. ಮೈ ತಿದ್ದುವ ಕೆಲಸವೆಲ್ಲ ಮೊದಲ ಮಳೆಗೆ ಮುನ್ನವೇ ಮುಗಿಯತಕ್ಕದ್ದು.

ಹಿಂದೆ ಮರದ ದೋಣಿಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಸವರಿದರೆ ಮರವು ಅದನ್ನು ಕುಡಿದುಕೊಳ್ಳುತ್ತಿತ್ತು. ಫೈಬರ್ ಹಾಗೆ ಕುಡಿಯದು. ಬಣ್ಣವು ಅದರ ಮೈಗೆ ಅಂಟಿಕೊಂಡು ನಿಲ್ಲಬೇಕೇ ಹೊರತು ಒಳಗಿಳಿಯಲಾರದು. ಈ ಕಸುಬಿನ ವಿಧಿಗಳಲ್ಲಿ ಬಹುಪಾಲು ಈ ಒಂದು ಭೇದದಿಂದಲೇ ಹುಟ್ಟಿವೆ. ಗಾಜಿನ ನೂಲಿನ ಮ್ಯಾಟನ್ನು ರೆಸಿನ್ನಿನಲ್ಲಿ ತೋಯಿಸಿ ಪದರಪದರವಾಗಿ ಕಟ್ಟಿದ ಒಡಲಿನ ಹೊರಗೆ, ಸುಮಾರು ಅರ್ಧ ಮಿಲಿಮೀಟರು ದಪ್ಪದ ಜೆಲ್‌ಕೋಟ್ ಎಂಬ ಹೊಳಪಿನ ಚರ್ಮವೊಂದಿರುತ್ತದೆ. ವರ್ಷಗಟ್ಟಲೆ ಬಿಸಿಲುಂಡ ಆ ಚರ್ಮವನ್ನು ಅಂಗೈಯಿಂದ ಸವರಿದರೆ, ಶಾಲೆಯ ಕರಿಹಲಗೆಯನ್ನು ಒರಸಿದಂತೆ, ಕೈತುಂಬ ಬಿಳಿಯ ಹುಡಿ ಹತ್ತುತ್ತದೆ.

ಹುಡಿಯನ್ನು ಕಂಡೊಡನೆ ಉಪ್ಪುಕಾಗದಕ್ಕೆ ಕೈಹಾಕುವುದು ಹೊಸಬರ ತಪ್ಪು. ಮೈಮೇಲೆ ಉಳಿದಿರಬಹುದಾದ ಮೇಣವನ್ನೂ ಎಂಜಿನಿನ ಎಣ್ಣೆಯನ್ನೂ ಮೊದಲು ದ್ರಾವಕದಿಂದ ಒರಸಿ ತೆಗೆಯದಿದ್ದರೆ, ತಿಕ್ಕಿದಂತೆಲ್ಲ ಆ ಜಿಡ್ಡು ಗೀರುಗಳೊಳಕ್ಕೆ ಸೇರಿಕೊಂಡು, ಮೇಲೆ ಬಳಿದ ಬಣ್ಣವು ಕೆಲವೇ ತಿಂಗಳಲ್ಲಿ ಸಿಪ್ಪೆಯಾಗಿ ಏಳುತ್ತದೆ. ಪರೀಕ್ಷೆ ಸರಳವಾದುದು: ಒಂದು ತಂಬಿಗೆ ನೀರು ಸುರಿದಾಗ ಅದು ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಇನ್ನೂ ಉಳಿದಿದೆ, ಹಾಳೆಯಾಗಿ ಹರಡಿಕೊಂಡರೆ ಹೋಗಿದೆ.

ಅಳಿವೆಯ ನೀರಿನಲ್ಲಿ ಬಹುಕಾಲ ಲಂಗರು ಹಾಕಿ ನಿಂತ ದೋಣಿಗಳಿಗೆ ಇನ್ನೊಂದು ವ್ಯಾಧಿ ಬರುತ್ತದೆ. ಜೆಲ್‌ಕೋಟಿನ ಮೂಲಕ ಮೆಲ್ಲನೆ ಒಳನುಸುಳಿದ ನೀರು ರೆಸಿನ್ನಿನ ಕರಗುವ ಅಂಶಗಳೊಡನೆ ಕೂಡಿ, ಮತ್ತಷ್ಟು ನೀರನ್ನು ಸೆಳೆದುಕೊಂಡು, ಕಡೆಗೆ ಹೊರಮೈಯಲ್ಲಿ ಬೊಕ್ಕೆಗಳನ್ನೆಬ್ಬಿಸುತ್ತದೆ. ಅಂಥ ಒಂದು ಬೊಕ್ಕೆಯನ್ನು ಉಳಿಯ ಮೊನೆಯಿಂದ ಚುಚ್ಚಿದಾಗ ಚಿಮ್ಮಿದ ಅಂಟುನೀರಿನಲ್ಲಿ ಹುಳಿವಾಸನೆಯನ್ನು, ಸಿರ್ಕಾ ಸೀಸೆಯ ಬಿರಡೆ ತೆಗೆದಂತೆ, ನಾನು ಮೂಗಾರೆ ಕಂಡಿದ್ದೇನೆ. ಅದನ್ನು ಕೆತ್ತಿ, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಗೊಟ್ಟ ಮೇಲೆಯೇ ಎಪಾಕ್ಸಿ ಪುಟ್ಟಿಯನ್ನು ತುಂಬತಕ್ಕದ್ದು. ಅವಸರದಲ್ಲಿ ತುಂಬಿದರೆ ರೋಗವನ್ನು ಒಳಗಿಟ್ಟು ಹೊಲಿದಂತಾಗುತ್ತದೆ. ಬಿರುಕು ಗಾಜಿನ ಪದರದವರೆಗೂ ಇಳಿದಿದ್ದರೆ, ಅದರ ಆಳದ ಹನ್ನೆರಡು ಪಟ್ಟು ಅಗಲಕ್ಕೆ ಅಂಚನ್ನು ಇಳಿಜಾರಾಗಿ ತೇಯ್ದು, ಹೊಸ ಮ್ಯಾಟನ್ನು ಅಲ್ಲಿ ಬೆಸೆಯುವರು.

ಅನಂತರದ ತಿಕ್ಕಾಟದಲ್ಲಿಯೇ ಕುಶಲಿಯ ತಾಳ್ಮೆಯೆಲ್ಲ ವ್ಯಯವಾಗುತ್ತದೆ. 80ನೆಯ ನಂಬರಿನ ಒರಟು ಕಾಗದದಿಂದ ತೊಡಗಿ 120, 220, 320 ಎಂದು ನುಣುಪಿನ ಕಡೆಗೆ ಸಾಗುತ್ತ, ಕಣ್ಣಿಗೆ ತೋರದ ತಗ್ಗುಗಳನ್ನು ಕಣ್ಣು ಮುಚ್ಚಿ ಬೆರಳಿನಿಂದ ಓದುವವರನ್ನು ನೋಡುವುದೇ ಒಂದು ಆನಂದ. ಆದರೆ ಆ ಗಾಜಿನ ಹುಡಿ ಚರ್ಮವನ್ನು ತುರಿಸುತ್ತದೆ, ಶ್ವಾಸಕೋಶವನ್ನು ಕೆಡಿಸುತ್ತದೆ. ಎರಡು ಡಬ್ಬಿಗಳದನ್ನು ಬೆರೆಸಿ ಬಳಿಯುವ ಪಾಲಿಯುರೆಥೇನ್ ಬಣ್ಣದಲ್ಲಿನ ಐಸೊಸಯನೇಟ್ ಇನ್ನೂ ಘೋರವಾದುದು. ಮುಖಕ್ಕೆ ಸುತ್ತಿಕೊಂಡ ಬೈರಾಸು ಇದನ್ನು ತಡೆಯಲಾರದು. ಇಷ್ಟು ನಾಜೂಕಾಗಿ ದೋಣಿಯ ಮೈಯನ್ನು ಕಾಯುವ ಈ ಜನರ ಮೈ ಕಾಯಲು ತಕ್ಕ ಮುಖಕವಚವನ್ನು ಕೊಡಿಸುವುದು ಮಾಲೀಕರ ಮೊದಲ ಕರ್ತವ್ಯವೆಂದು ನಾನು ಬಲವಾಗಿ ನಂಬುತ್ತೇನೆ.

ಬಣ್ಣ ಬಳಿಯುವುದಾದರೋ ಒಂದು ಹೊತ್ತಿನ ಕೆಲಸ. ಎಪಾಕ್ಸಿ ಪ್ರೈಮರ್ ಒಣಗಿದ ಮೇಲೆ, ಒಬ್ಬನು ರೋಲರಿನಿಂದ ತೆಳುವಾಗಿ ಹಚ್ಚುತ್ತ ಹೋದಂತೆ ಇನ್ನೊಬ್ಬನು ಹಿಂದಿನಿಂದಲೇ ಕುಂಚದ ತುದಿಯನ್ನು ಸೋಕಿಸಿ ಗುಳ್ಳೆಗಳನ್ನು ಅಳಿಸುತ್ತ ಬರುತ್ತಾನೆ. ಸಂಜೆಯ ತೇವಕ್ಕೆ ಮುನ್ನ ಅದು ಗಟ್ಟಿಯಾಗದಿದ್ದರೆ ಹೊಳಪು ಮಾಸುವುದಾದ್ದರಿಂದ ಬೆಳಗಿನ ಇಬ್ಬನಿ ಆರಿದೊಡನೆಯೇ ಕೆಲಸಕ್ಕೆ ತೊಡಗುವರು. ಬಣ್ಣ ಅದೇ ದಿನ ಮುಟ್ಟುವಂತಾದರೂ ಪೂರ್ತಿ ಗಟ್ಟಿಯಾಗಲು ವಾರ ಹಿಡಿಯುತ್ತದೆ. ನೈಋತ್ಯದಲ್ಲಿ ಮೋಡ ಕಟ್ಟುತ್ತಿರುವಾಗ ದೋಣಿಯವನು ಅಂಚಿನ ಮರೆಯಲ್ಲೊಂದು ಕಡೆ ಹೆಬ್ಬೆರಳಿನ ಉಗುರನ್ನೊತ್ತಿ ನೋಡುತ್ತಾನೆ. ಗುರುತು ಮೂಡದಿದ್ದರೆ ದೋಣಿ ನೂಕಲು ಜನರನ್ನು ಕೂಗುತ್ತಾನೆ.