ತುಂಗಭದ್ರೆಯ ನೀರು ಯಾರದು?

ನದಿಗೆ ಗಡಿಯೆಂಬುದು ತಿಳಿಯದು. ಗಡಿಯನ್ನು ಎಳೆದವರು ನಾವು. ಒಂದೇ ನದಿಯನ್ನು ಎರಡು ಮೂರು ಸರ್ಕಾರಗಳು ಆಶ್ರಯಿಸಿದಾಗ, ಅಣೆಕಟ್ಟು ಕಟ್ಟುವುದು ಎಂಜಿನಿಯರರ ಕೆಲಸವಾಗಿಯಷ್ಟೇ ಉಳಿಯದೆ ರಾಜಕಾರಣದ ವಿಷಯವೂ ಆಗುತ್ತದೆ. ಇದಕ್ಕೆ ನಿದರ್ಶನ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯೆನಿಸಿ, ಮುಂದೆ ಆಂಧ್ರಪ್ರದೇಶ, ತೆಲಂಗಾಣಗಳ ನೆಲವನ್ನು ಮುಟ್ಟಿ ಕೃಷ್ಣೆಯನ್ನು ಸೇರುತ್ತವೆ.

ಇಂದು ಇವೆಲ್ಲ ಒಂದೇ ದೇಶದ ರಾಜ್ಯಗಳು. ಸ್ವಾತಂತ್ರ್ಯಕ್ಕೆ ಮುಂಚೆ ಹಾಗಿರಲಿಲ್ಲ. ಮೇಲೆ ಮೈಸೂರು ಸಂಸ್ಥಾನ. ಕೆಳಗೆ ಬಲದಂಡೆಯಲ್ಲಿ ಬ್ರಿಟಿಷರ ಮದರಾಸು, ಎಡದಂಡೆಯಲ್ಲಿ ನಿಜಾಮರ ಹೈದರಾಬಾದು. 1892ರ ಒಪ್ಪಂದದಂತೆ ತುಂಗೆ, ಭದ್ರೆಗಳ ಮೇಲೆ ಮೈಸೂರು ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮದರಾಸು ಸರ್ಕಾರದ ಸಮ್ಮತಿ ಬೇಕಿತ್ತು. ನೀರು ಹುಟ್ಟುವುದು ನಮ್ಮಲ್ಲಿ, ಅಪ್ಪಣೆ ಮಾತ್ರ ಮದರಾಸಿನದು! ಇದರಲ್ಲಿ ಬಲಿಷ್ಠರ ದರ್ಪವಿತ್ತು, ನಿಜ. ಆದರೆ ಮೇಲಿನವರು ನೀರು ತಡೆದಾರೆಂಬ ಕೆಳಗಿನ ರೈತರ ಭಯವೂ ಇತ್ತೆಂಬುದನ್ನು ಮರೆಯಲಾಗದು.

1944ರಲ್ಲಿ ಮದರಾಸು ಹೈದರಾಬಾದಿನೊಡನೆಯೂ ಮೈಸೂರಿನೊಡನೆಯೂ ಒಪ್ಪಂದ ಮಾಡಿಕೊಂಡಿತು. 1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿನ ಕೆಲಸ ಮೊದಲಾಯಿತು; ಒಂದು ದಂಡೆಯಿಂದ ಮದರಾಸು, ಇನ್ನೊಂದರಿಂದ ಹೈದರಾಬಾದು ಕಟ್ಟುತ್ತ ಬಂದವು. 1947ರಲ್ಲಿ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ಕೆಲಸವೂ ಆರಂಭವಾಯಿತು. ಅದರ ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಈ ಭದ್ರಾ ನಾಲೆಯ ಒಂದು ಉಪನಾಲೆಯ ಕೊನೆಯಲ್ಲಿ ನನ್ನ ತಂದೆಯವರ ಗದ್ದೆಯಿದೆ. ಬೇಸಿಗೆ ಬೆಳೆಗೆ ನೀರು ಬಿಟ್ಟ ಸುದ್ದಿ ಬಂದ ಎಷ್ಟೋ ದಿನಗಳ ಮೇಲೆ ನಮ್ಮ ತೂಬಿಗೆ ನೀರು ಬರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ. ಮೇಲಿನ ಗದ್ದೆಯವರು ಕೆಟ್ಟವರಲ್ಲ, ನಮ್ಮ ಮನೆಯ ಮದುವೆಗೆ ಬಂದು ಉಂಡುಹೋಗುವವರೇ. ಅವರ ಪೈರೂ ಬಾಯಾರಿರುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದರೆ ರಾಜ್ಯಶಾಸ್ತ್ರದ ಮೊದಲ ಪಾಠವನ್ನು ನಾನು ಕಲಿತದ್ದು ರಾತ್ರಿ ತಂದೆಯವರ ಜತೆ ನಾಲೆಯ ಏರಿಯ ಮೇಲೆ. ನೀರು ಮೊದಲು ಯಾರನ್ನು ಮುಟ್ಟುತ್ತದೆಯೋ ಅವರ ಕೈಯಲ್ಲಿ ಅಧಿಕಾರವಿರುತ್ತದೆ ಎಂಬುದೇ ಆ ಪಾಠ.

ಆ ಅಧಿಕಾರಕ್ಕೆ ಮಿತಿ ಹಾಕಲೆಂದೇ ಒಪ್ಪಂದಗಳೂ ನ್ಯಾಯಮಂಡಳಿಗಳೂ ಇರುವುದು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯು 1973 ಮತ್ತು 1976ರ ತೀರ್ಪುಗಳಲ್ಲಿ ಕೃಷ್ಣಾ ಕಣಿವೆಯ ನೀರನ್ನು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ಆದರೆ ಹಂಚಿಕೆ ಕಾಗದದಲ್ಲಿದ್ದರೆ ಸಾಲದು. ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳಿನಿಂದಾಗಿ ಈಗ ಸುಮಾರು 105ಕ್ಕೆ ಇಳಿದಿದೆ. ಈ ನಷ್ಟ ತುಂಬಲು ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟಬೇಕೆಂದರೆ ನೆರೆರಾಜ್ಯಗಳು ಒಪ್ಪಬೇಕು. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಆತಂಕಗೊಂಡವರು ಮೂರು ರಾಜ್ಯಗಳ ರೈತರೂ ಹೌದು.

ದೇಶಗಳ ನಡುವೆಯೂ ಇದೇ ಕಥೆ. ಭಾರತ–ಪಾಕಿಸ್ತಾನಗಳು 1960ರಲ್ಲಿ ವಿಶ್ವಬ್ಯಾಂಕಿನ ಮಧ್ಯಸ್ಥಿಕೆಯಿಂದ ಸಿಂಧೂ ಒಪ್ಪಂದಕ್ಕೆ ಸಹಿ ಮಾಡಿದವು. ಯುದ್ಧಗಳ ನಡುವೆಯೂ ಉಳಿದ ಆ ಒಪ್ಪಂದವನ್ನು ಭಾರತವು 2025ರ ಏಪ್ರಿಲ್‌ನಲ್ಲಿ ತಡೆಹಿಡಿಯಿತು. ವಿಶ್ವಾಸ ಮುರಿದರೆ ಅಣೆಕಟ್ಟೇ ಅಸ್ತ್ರವಾಗಿ ಕಾಣತೊಡಗುತ್ತದೆ.

ಭದ್ರಾ ಮೇಲ್ದಂಡೆ ಯೋಜನೆಯು ತುಂಗೆಯ ನೀರನ್ನು ಭದ್ರೆಗೆ ತಂದು, ಅಲ್ಲಿಂದ ಚಿತ್ರದುರ್ಗ, ತುಮಕೂರುಗಳ ಬರಗಾಡಿಗೆ ಒಯ್ಯುವಂಥದು. ಆ ಬಯಲಿನವರ ಬಾಯಾರಿಕೆ ಸುಳ್ಳಲ್ಲ. ಅಚ್ಚುಕಟ್ಟಿನ ಕೊನೆಯವರ ಅಂಜಿಕೆಯೂ ಸುಳ್ಳಲ್ಲ. ನಾಲೆಯಲ್ಲಿ ಕೆಳಗಿನವರಾದ ನಾವೇ ನದಿಯಲ್ಲಿ ಮೇಲಿನವರು. ನಮ್ಮ ತೂಬಿನಲ್ಲಿ ನಾವು ಬೇಡುವ ನ್ಯಾಯವನ್ನು ಕೂಡಲಿಯಿಂದಾಚೆಗಿನವರಿಗೂ ಸಲ್ಲಿಸಲು ಸಿದ್ಧರಿದ್ದೇವೆಯೆ? ಪದವಿ ಪಡೆದು ಹೊರಡಲಿರುವ ನಾವೆಲ್ಲರೂ ಯೋಚಿಸಬೇಕಾದ ಪ್ರಶ್ನೆಯಿದು.