ವ್ಯಾಸಂಗದಲ್ಲಿ ಧೃತಿ: ಸೇಡಂ ಸೀಮೆಯ ವಿದ್ಯಾರ್ಥಿಗಳನ್ನು ಕುರಿತು ಒಂದು ವಿವೇಚನೆ

ಒಂದೇ ಪರೀಕ್ಷೆಯಲ್ಲಿ ಒಂದೇ ವಿಷಯದಲ್ಲಿ ನಾಪಾಸಾದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನು ಮತ್ತೆ ಪುಸ್ತಕ ಹಿಡಿಯುತ್ತಾನೆ. ಇನ್ನೊಬ್ಬನು ಅದನ್ನು ಮುಚ್ಚಿಟ್ಟು ಹಾಸುಗಲ್ಲಿನ ಗಣಿಗೋ ದೂರದ ಪಟ್ಟಣದ ಕೂಲಿಗೋ ಹೊರಟುಹೋಗುತ್ತಾನೆ. ಇಬ್ಬರ ಅಂಕಗಳೂ ಸಮ. ಮನೆಯ ಸ್ಥಿತಿಗತಿಗಳೂ ಹೆಚ್ಚುಕಡಮೆ ಸಮ. ಹಾಗಿರುವಲ್ಲಿ ಈ ವ್ಯತ್ಯಾಸಕ್ಕೆ ಕಾರಣವೇನು? ಈ ಪ್ರಶ್ನೆಗೆ ಮನಶ್ಶಾಸ್ತ್ರವು ಕೊಡುವ ಉತ್ತರವನ್ನು ನಮ್ಮ ನಾಡಿನ ಪರಿಸ್ಥಿತಿಗೆ ಅನ್ವಯಿಸಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯ ಮಾತು. ಸೋಲಿನಿಂದ ಚೇತರಿಸಿಕೊಳ್ಳುವ ಗುಣಕ್ಕೆ ‘ಸ್ಥಿತಿಸ್ಥಾಪಕತ್ವ’ ಎಂಬ ಪದವನ್ನು ಕೆಲವರು ಬಳಸುತ್ತಾರೆ. ಅದು ಭೌತಶಾಸ್ತ್ರದಿಂದ ಬಂದ ಪದ. ಎಳೆದ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಆದರೆ ಸೋತು ಎದ್ದ ವಿದ್ಯಾರ್ಥಿ ಮೊದಲಿದ್ದಂತೆಯೇ ಉಳಿಯುವುದಿಲ್ಲ. ಓದುವ ಕ್ರಮವನ್ನೋ ಸಹಾಯ ಕೇಳುವ ರೀತಿಯನ್ನೋ ಆತ ಬದಲಾಯಿಸಿಕೊಂಡಿರುತ್ತಾನೆ. ‘ಧೃತಿಗೆಡು’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಕೆಡದೆ ಉಳಿಯಬೇಕಾದ ಆ ಧೃತಿಯೇ ಇಲ್ಲಿಯ ವಿಷಯ. ಆದುದರಿಂದ ಇದನ್ನು ‘ವ್ಯಾಸಂಗದ ಧೃತಿ’ ಎಂದು ಕರೆಯಬಹುದು.

ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳನ್ನು ಒಳಗೊಂಡ ಈ ಸೀಮೆ ತೊಗರಿಗೂ ಸುಣ್ಣದ ಕಲ್ಲಿಗೂ ಹೆಸರಾದುದು. ಶಹಾಬಾದಿನ ಹಾಸುಗಲ್ಲು, ವಾಡಿ ಸೇಡಂಗಳ ಸಿಮೆಂಟು ದೂರದೂರಕ್ಕೆ ಹೋಗುತ್ತವೆ. ಸೇಡಂ ತಾಲ್ಲೂಕಿನ ಕೋಡ್ಲಾದಂತಹ ಊರಿನಲ್ಲಿ ಹೊಲವೂ ಕಾರ್ಖಾನೆಯೂ ಅಕ್ಕಪಕ್ಕದಲ್ಲಿಯೇ ಇವೆ. ಇಂತಹ ಊರುಗಳಿಂದ ಕಾಲೇಜಿಗೆ ಬರುವವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ತೊಗರಿಯ ರಾಶಿಯ ಕಾಲಕ್ಕೆ ಮನೆಗೆ ಅವರ ಕೈ ಬೇಕು. ಕಾಲೇಜಿಗೆ ಹಾಜರಿ ಬೇಕು. ಮನೆಯ ಮಾತು ಕೆಲವರಿಗೆ ಕನ್ನಡ, ಕೆಲವರಿಗೆ ದಖನಿ ಉರ್ದು, ಕೆಲವರಿಗೆ ತೆಲುಗು, ತಾಂಡಾಗಳ ಮಕ್ಕಳಿಗೆ ಲಂಬಾಣಿ.

ಭಾಷೆಯ ಈ ತೊಡಕು ಇಂದಿನದಲ್ಲ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದುವಾಗಿತ್ತು. ಹೈದರಾಬಾದ್ ಸಂಸ್ಥಾನದ ಕನ್ನಡ ವಿದ್ಯಾರ್ಥಿ ಗಣಿತ, ವಿಜ್ಞಾನಗಳನ್ನು ಮನೆಯಲ್ಲಿ ಆಡದ ನುಡಿಯಲ್ಲಿ ಕಲಿಯಬೇಕಾಯಿತು. ೧೯೪೮ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ೧೯೫೬ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಶಾಲೆಗಳಲ್ಲಿ ಕನ್ನಡ ನೆಲೆಗೊಂಡರೂ ವಿಜ್ಞಾನ ಮತ್ತು ವೃತ್ತಿಶಿಕ್ಷಣದ ಬಾಗಿಲಲ್ಲಿ ಇಂಗ್ಲಿಷು ನಿಂತಿತು. ಹೀಗೆ ಅಜ್ಜ, ತಂದೆ, ಮೊಮ್ಮಗ ಮೂವರೂ ಮೂರು ಭಾಷೆಗಳ ಹೊಸ್ತಿಲನ್ನು ದಾಟಬೇಕಾಗಿ ಬಂದ ಮನೆಗಳು ಇಲ್ಲಿ ಉಂಟು.

ಈಗ ಮೊದಲನೆಯ ಮಾನಸಿಕ ಅಂಶಕ್ಕೆ ಬರೋಣ. ಸೋತವನು ತನ್ನ ಸೋಲಿಗೆ ಯಾವ ಕಾರಣವನ್ನು ಹೇಳಿಕೊಳ್ಳುತ್ತಾನೆ ಎಂಬುದು ಅವನ ಮುಂದಿನ ನಡೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ವೀನರ್ ಅವರು ಇಂತಹ ಕಾರಣಗಳನ್ನು ಮೂರು ಬಗೆಯಿಂದ ಪರೀಕ್ಷಿಸಿದರು: ಕಾರಣವು ನಮ್ಮೊಳಗಿನದೋ ಹೊರಗಿನದೋ, ಸ್ಥಿರವಾದುದೋ ಬದಲಾಗತಕ್ಕದ್ದೋ, ನಮ್ಮ ಹಿಡಿತಕ್ಕೆ ಸಿಕ್ಕುವುದೋ ಸಿಕ್ಕದ್ದೋ. ‘ವಿದ್ಯೆ ತಲೆಗೆ ಹತ್ತಲಿಲ್ಲ’ ಎಂಬ ನಮ್ಮ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಇದು ದೋಷವನ್ನು ತಲೆಯೊಳಗೆ ಇರಿಸುತ್ತದೆ, ಶಾಶ್ವತವಾಗಿಸುತ್ತದೆ, ಕೈಮೀರಿದ್ದೆಂದು ಸಾರುತ್ತದೆ. ಮೂರು ಬಾಗಿಲುಗಳೂ ಒಮ್ಮೆಗೇ ಮುಚ್ಚಿದಂತಾಯಿತು. ಆದರೆ ಅದೇ ವಿದ್ಯಾರ್ಥಿ ‘ಪಾಠ ನಡೆದ ಭಾಷೆ ನನಗೆ ಇನ್ನೂ ಪಳಗಿಲ್ಲ’ ಎಂದುಕೊಂಡರೆ ಕಾರಣವು ಬದಲಾಗತಕ್ಕದ್ದೂ ಹಿಡಿತಕ್ಕೆ ಸಿಕ್ಕತಕ್ಕದ್ದೂ ಆಗುತ್ತದೆ. ಭಾಷೆಯ ಅಡಚಣೆಯನ್ನು ಬುದ್ಧಿಯ ಕೊರತೆಯೆಂದು ಭಾವಿಸುವುದೇ ಈ ಸೀಮೆಯ ವಿದ್ಯಾರ್ಥಿಗೆ ಒದಗಬಹುದಾದ ಅತ್ಯಂತ ದುಬಾರಿಯ ತಪ್ಪು ತಿಳಿವಳಿಕೆ.

ಇಂತಹ ತಿಳಿವಳಿಕೆಯನ್ನು ತಿದ್ದುವುದು ಸಾಧ್ಯವೆಂಬುದಕ್ಕೆ ಆಧಾರವಿದೆ. ೧೯೮೨ರಲ್ಲಿ ತಿಮೊಥಿ ವಿಲ್ಸನ್ ಮತ್ತು ಪ್ಯಾಟ್ರಿಷಿಯಾ ಲಿನ್ವಿಲ್ ಎಂಬ ಸಂಶೋಧಕರು ಅಂಕಗಳ ಚಿಂತೆಯಲ್ಲಿದ್ದ ಮೊದಲ ವರ್ಷದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೊದಲ ವರ್ಷದಲ್ಲಿ ಅಂಕಗಳು ಕಡಮೆಯಾಗುವುದು ಅನೇಕರ ಅನುಭವ, ಮುಂದೆ ಅವು ಸುಧಾರಿಸುತ್ತವೆ ಎಂಬುದನ್ನು ಕೆಲವರಿಗೆ ತಿಳಿಸಲಾಯಿತು. ಹಾಗೆ ತಿಳಿದವರಲ್ಲಿ ಕಾಲೇಜು ಬಿಟ್ಟವರು ಕಡಮೆ. ಅವರ ಅಂಕಗಳ ಏರಿಕೆಯೂ ಹೆಚ್ಚು.

ಎರಡನೆಯ ಅಂಶ ಹಿಡಿತದ ಅನುಭವ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮಾಯರ್ ಅವರು ೧೯೬೭ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾದುವು. ತಪ್ಪಿಸಿಕೊಳ್ಳಲಾಗದ ನೋವನ್ನು ಅನುಭವಿಸಿದ ಪ್ರಾಣಿಗಳಲ್ಲಿ ಬಹಳಷ್ಟು, ಮುಂದೆ ದಾರಿ ತೆರೆದಿದ್ದರೂ ಪ್ರಯತ್ನಿಸದೆ ಬಿದ್ದುಕೊಂಡವು. ಅಸಹಾಯಕತೆಯು ಕಲಿತ ಗುಣವೆಂದು ಆಗ ತಿಳಿಯಲಾಗಿತ್ತು. ಸುಮಾರು ೫೦ ವರ್ಷಗಳ ನಂತರ, ೨೦೧೬ರಲ್ಲಿ, ಅದೇ ವಿದ್ವಾಂಸರು ಮಿದುಳಿನ ಅಧ್ಯಯನಗಳ ಬೆಳಕಿನಲ್ಲಿ ತಮ್ಮ ಅಭಿಪ್ರಾಯವನ್ನು ತಿರುವುಮುರುವು ಮಾಡಿದರು: ದೀರ್ಘ ಕಷ್ಟದ ಮುಂದೆ ಕೈಚೆಲ್ಲುವುದೇ ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದುದು ‘ನನ್ನ ಪ್ರಯತ್ನದಿಂದ ಫಲ ಉಂಟಾಗುತ್ತದೆ’ ಎಂಬುದನ್ನು. ಅಧ್ಯಾಪಕರಿಗೆ ಇದರ ಅರ್ಥ ಸ್ಪಷ್ಟ. ಕೈಚೆಲ್ಲಿದ ವಿದ್ಯಾರ್ಥಿಯನ್ನು ಸೋಮಾರಿಯೆಂದು ಬೈದು ಪ್ರಯೋಜನವಿಲ್ಲ. ಪ್ರಯತ್ನಕ್ಕೆ ಫಲ ದೊರೆತ ಸಣ್ಣ ಸಣ್ಣ ಸಂದರ್ಭಗಳನ್ನು ಅವನಿಗೆ ಒದಗಿಸಬೇಕು.

ಮೂರನೆಯದು ಆತ್ಮಸಾಮರ್ಥ್ಯದ ನಂಬಿಕೆ. ೧೯೭೭ರಲ್ಲಿ ಆಲ್ಬರ್ಟ್ ಬಂಡೂರ ಅವರು ಇದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು: ಸ್ವಂತ ಯಶಸ್ಸು, ತನ್ನಂತಹವರ ಯಶಸ್ಸನ್ನು ಕಾಣುವುದು, ಇತರರ ಪ್ರೋತ್ಸಾಹದ ಮಾತು, ದೇಹ ಮತ್ತು ಮನಸ್ಸಿನ ಉದ್ವೇಗದ ಸ್ಥಿತಿ. ಇವುಗಳಲ್ಲಿ ಎರಡನೆಯದು ನಮ್ಮಲ್ಲಿ ಉಪೇಕ್ಷಿತವಾಗಿದೆ. ‘ತನ್ನಂತಹವರು’ ಎಂಬುದೇ ಇಲ್ಲಿ ಮುಖ್ಯ. ಕಲಬುರಗಿಯ ಗಿರಣಿ ಕಾರ್ಮಿಕರೊಬ್ಬರ ಮಗಳಾಗಿ ೧೯೪೨ರಲ್ಲಿ ಜನಿಸಿದ ಗೀತಾ ನಾಗಭೂಷಣ ಅವರು ಬಡತನದ ನಡುವೆ ಓದಿ ಅಧ್ಯಾಪಕಿಯಾದರು. ತಮ್ಮ ‘ಬದುಕು’ ಕಾದಂಬರಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿಯಾದರು. ದೂರದೇಶದ ಮಹಾಪುರುಷರ ಚರಿತ್ರೆಗಿಂತ ಇಂತಹ ನೆರೆಯ ಚರಿತ್ರೆಯೂ, ಎರಡು ವರ್ಷ ಮುಂದಿರುವ ಅದೇ ಊರಿನ ವಿದ್ಯಾರ್ಥಿಯ ಮಾತೂ ಹೆಚ್ಚು ಕೆಲಸ ಮಾಡಬಲ್ಲವು.

ನಾಲ್ಕನೆಯದು ನಂಬಲರ್ಹವಾದ ಒಬ್ಬ ಹಿರಿಯರ ಆಸರೆ. ಹವಾಯಿ ದ್ವೀಪಸಮೂಹದ ಕೌವಾಯಿಯಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳ ಜೀವನವನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಅವರು ದಶಕಗಳವರೆಗೆ ಅನುಸರಿಸಿ ನೋಡಿದರು. ಬಡತನ, ಕೌಟುಂಬಿಕ ಕಲಹ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಮರ್ಥರಾಗಿ ಬೆಳೆದರು. ಅಜ್ಜಿಯೋ ಶಿಕ್ಷಕರೋ ನೆರೆಯವರೋ, ಯಾರಾದರೊಬ್ಬರು ಅವರಿಗೆ ಸ್ಥಿರವಾದ ಆಸರೆಯಾಗಿದ್ದುದು ಕಂಡುಬಂದಿತು. ಹದಿಹರೆಯದಲ್ಲಿ ಎಡವಿದವರಲ್ಲಿಯೂ ಅನೇಕರು ಎರಡನೆಯ ಅವಕಾಶ ದೊರೆತಾಗ ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡಿದ್ದರು.

ಎರಡನೆಯ ಅವಕಾಶದ ಮಾತು ನಮಗೆ ಹತ್ತಿರದ್ದು. ೨೦೨೫ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಗೆ ರಾಜ್ಯದಲ್ಲಿ ಕಡೆಯ ಸ್ಥಾನ; ಉತ್ತೀರ್ಣರಾದವರು ನೂರಕ್ಕೆ ಸುಮಾರು ೪೨. ಆದರೆ ೨೦೨೪ರಲ್ಲಿ ಈ ರಾಜ್ಯದಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಜಾರಿಗೆ ಬಂದಿತು. ಬಾಗಿಲು ತೆರೆದಿದ್ದರೆ ಸಾಲದು. ಅದು ತನಗಾಗಿಯೇ ತೆರೆದಿದೆಯೆಂದು ಸೋತವನಿಗೆ ತೋರಬೇಕು. ‘ಕಡೆಯ ಜಿಲ್ಲೆ’, ‘ಹಿಂದುಳಿದ ಭಾಗ’ ಎಂಬ ಮಾತುಗಳನ್ನು ಎಳವೆಯಿಂದ ಕೇಳಿ ಬೆಳೆದವನಿಗೆ ಹಾಗೆ ತೋರುವುದು ಸುಲಭವಲ್ಲ. ೨೦೦೨ರ ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ೨೧ ಗುಲ್ಬರ್ಗಾ ವಿಭಾಗದವು. ಆ ವರದಿ ಅಳೆದುದು ಸೌಕರ್ಯಗಳನ್ನು, ಬುದ್ಧಿಯನ್ನಲ್ಲ. ಈ ಭೇದವನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕಾದುದು ಅಗತ್ಯ.

ಕಡೆಯದಾಗಿ, ಸಹಾಯ ಕೇಳುವ ಅಭ್ಯಾಸ. ಸೈಮನ್ ಕ್ಯಾಸಿಡಿ ಅವರು ೨೦೧೬ರಲ್ಲಿ ರೂಪಿಸಿದ ೩೦ ಅಂಶಗಳ ಮಾಪನದಲ್ಲಿ ಧೃತಿಗೆ ಮೂರು ಮುಖಗಳಿವೆ: ಪಟ್ಟುಹಿಡಿದು ಸಾಗುವುದು, ತನ್ನ ಕ್ರಮವನ್ನು ಪರಿಶೀಲಿಸಿಕೊಂಡು ತಕ್ಕ ನೆರವು ಕೇಳುವುದು, ನಿರಾಶೆ ಉದ್ವೇಗಗಳನ್ನು ನಿಭಾಯಿಸುವುದು. ಕೇಳಿದರೆ ನಗೆಪಾಟಲಾದೇನೆಂಬ ಅಂಜಿಕೆಯಿಂದ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತವನಿಗೆ ಮೊದಲನೆಯ ಗುಣ ಎಷ್ಟಿದ್ದರೂ ಎರಡನೆಯದು ದೊರೆಯದು. ಅವನ ಪ್ರಶ್ನೆಯನ್ನು ಅವನ ಮನೆಮಾತಿನಲ್ಲಿಯೇ ಕೇಳಿಸಿಕೊಳ್ಳುವ ಅಧ್ಯಾಪಕರು ಈ ಅಂಜಿಕೆಯನ್ನು ಅರ್ಧ ಕಳೆಯುತ್ತಾರೆ.

ಆದರೂ ಒಂದು ಎಚ್ಚರಿಕೆ ಅವಶ್ಯ. ಬುದ್ಧಿ ಬೆಳೆಯತಕ್ಕದ್ದು ಎಂಬ ಭಾವನೆಯನ್ನು ಬೋಧಿಸುವ ಪ್ರಯೋಗವೊಂದು ಅಮೆರಿಕದ ೧೨,೦೦೦ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಂಡಿತ್ತು. ೨೦೧೯ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಹಿಂದೆ ಬಿದ್ದ ವಿದ್ಯಾರ್ಥಿಗಳಿಗೆ ಲಾಭವಾದುದು ನಿಜ, ಆದರೆ ಅಲ್ಪ. ಅದೂ ಸುತ್ತಲಿನ ವಾತಾವರಣ ಅನುಕೂಲವಾಗಿದ್ದೆಡೆ ಹೆಚ್ಚು. ಬರಿಯ ಉಪದೇಶದಿಂದ ಧೃತಿ ಹುಟ್ಟದು. ಉಪನ್ಯಾಸಕರಿಲ್ಲದ ತರಗತಿಗೆ, ಸಮಯಕ್ಕೆ ಬಾರದ ಬಸ್ಸಿಗೆ ವಿದ್ಯಾರ್ಥಿಯ ಮನೋಬಲವನ್ನು ಪರಿಹಾರವಾಗಿ ಸೂಚಿಸುವುದು ಅನ್ಯಾಯ. ಸಂವಿಧಾನದ ೩೭೧(ಜೆ) ವಿಧಿ ಈ ಭಾಗಕ್ಕೆ ವಿಶೇಷ ಅವಕಾಶಗಳನ್ನು ಕೊಟ್ಟಿರುವುದು ಹೊರಗಿನ ಅಡಚಣೆಗಳನ್ನು ಹೊರಗಿನಿಂದಲೇ ತೆಗೆಯಬೇಕೆಂಬ ಕಾರಣಕ್ಕೆ.

ಅಧ್ಯಾಪಕರ ಕೈಯಲ್ಲಿರುವುದು ಇಷ್ಟು: ಮೊದಲ ಷಣ್ಮಾಸದಲ್ಲಿಯೇ ಸಣ್ಣ ಪರೀಕ್ಷೆಗಳನ್ನು ಕೊಟ್ಟು ತಿದ್ದಿ ಮರಳಿಸುವುದು, ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿಯೂ ಬಿಡಿಸಿ ಹೇಳುವುದು, ಸೋತು ಗೆದ್ದ ಹಿರಿಯ ವಿದ್ಯಾರ್ಥಿಗಳನ್ನು ಕಿರಿಯರ ಮುಂದೆ ಮಾತನಾಡಿಸುವುದು, ನಾಪಾಸಾದವನು ತರಗತಿಗೆ ಬಾರದಿದ್ದರೆ ಒಂದು ವಾರದೊಳಗೆ ಅವನನ್ನು ವಿಚಾರಿಸುವುದು. ಪುಸ್ತಕ ಮುಚ್ಚಿಟ್ಟು ಊರು ಬಿಡುವ ನಿರ್ಧಾರವನ್ನು ಅನೇಕ ವಿದ್ಯಾರ್ಥಿಗಳು ಆ ವಾರದಲ್ಲಿಯೇ ಮಾಡುತ್ತಾರೆ.