ನಿಮಗಿದು ಗೊತ್ತೆ? ನಿಧಾನಿಸಿದರೆ ಜಾರುವ ಟೈರು!

ರೇಸ್ ಕಾರು ನಿಧಾನವಾದಷ್ಟೂ ಟೈರಿನ ಹಿಡಿತ ತಪ್ಪುತ್ತದೆ! ಗೀರುಗಳಿಲ್ಲದ ಫಾರ್ಮುಲಾ ಒನ್ ಟೈರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಕಾದರಷ್ಟೇ ಟ್ರ್ಯಾಕನ್ನು ಕಚ್ಚಿ ಹಿಡಿಯುತ್ತದೆ.

ಅಪಘಾತವಾದರೆ ಎಲ್ಲರ ವೇಗ ತಗ್ಗಿಸಲು ಸೇಫ್ಟಿ ಕಾರು ಮುಂದೆ ಬರುತ್ತದೆ. ಉಳಿದವರೆಲ್ಲ ಸಾಲಾಗಿ ಅದರ ಹಿಂದೆ. ಓವರ್‌ಟೇಕ್ ಮಾಡುವಂತಿಲ್ಲ. ಅಷ್ಟರಲ್ಲಿ ಟೈರು ಆರುತ್ತದೆ, ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಾರಿನ ತಳ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ. ಚಾಲಕರು ಹಾವಿನಂತೆ ಅತ್ತಿತ್ತ ಹೊರಳುವುದು ಆಟಕ್ಕಲ್ಲ, ಟೈರು ಕಾಯಿಸಲು. ಮತ್ತೆ ಮತ್ತೆ ಬ್ರೇಕ್ ಒತ್ತುವುದೂ ಅದಕ್ಕೇ: ಬ್ರೇಕಿನ ಕಾವು ರಿಮ್ಮಿನ ಮೂಲಕ ಟೈರಿಗೆ ಹತ್ತುತ್ತದೆ.

2022ರಲ್ಲಿ ಮೆಲ್ಬರ್ನ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಮ್ಯಾಕ್ಸ್ ವರ್‌ಸ್ಟಾಪೆನ್ ಸೇಫ್ಟಿ ಕಾರನ್ನು ಆಮೆಗೆ ಹೋಲಿಸಿದ್ದರು. ಅದೇನು ಸಾಮಾನ್ಯ ಕಾರಲ್ಲ, ಆಸ್ಟನ್ ಮಾರ್ಟಿನ್ ವಾಂಟೇಜ್ ಎಂಬ ಸ್ಪೋರ್ಟ್ಸ್ ಕಾರು!

ಫಾರ್ಮುಲಾ ಒನ್‌ನಲ್ಲಿ ಟೈರಿಗೆ ಮೊದಲೇ ವಿದ್ಯುತ್ ಕಂಬಳಿ ಹೊದಿಸಿ ಬಿಸಿ ಮಾಡುತ್ತಾರೆ. ಅದರ ಕೆಳಗಿನ ಹಂತವಾದ ಫಾರ್ಮುಲಾ 2ರಲ್ಲಿ ಆ ಸೌಲಭ್ಯವೂ ಇಲ್ಲ. ತಣ್ಣನೆಯ ಟೈರಿನಲ್ಲೇ ಹೊರಟು, ಓಡಿಸುತ್ತಲೇ ಕಾಯಿಸಿಕೊಳ್ಳಬೇಕು. ಬೆಂಗಳೂರಿನ ಫಾರ್ಮುಲಾ 2 ಚಾಲಕ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟಿನ ಬೀದಿಗಳಲ್ಲಿ ಸ್ಪ್ರಿಂಟ್ ರೇಸ್ ಗೆದ್ದದ್ದು ಇಂಥ ಟೈರುಗಳಲ್ಲೇ.